ಗಿಳಿ ತೆಗೆದ ಮೊದಲ ಚೀಟಿ

"ಇದು ಬ್ಯಾಡ, ಇನ್ನೊಂದ್ಸಲ ತೆಗ್ಸು," ಎಂದರು ಕೆಂಪನಂಜಪ್ಪ.

ಚೀಟಿ ಗಿಳಿಯ ಕೊಕ್ಕಿನಿಂದ ಇನ್ನೂ ಚಾಪೆಗೆ ಬಿದ್ದಿರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಗಿಳಿಶಾಸ್ತ್ರದ ಪೊನ್ನುಸಾಮಿ ಅದನ್ನು ಕೊಕ್ಕಿನಿಂದ ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ. ಕೈಯ ಜಿಡ್ಡಿಗೆ ಕಪ್ಪಾದ ರಟ್ಟಿನ ಮೇಲೆ ಹುಲಿ ಏರಿ ಕುಳಿತ ಮಾದಪ್ಪ. ಪೊನ್ನುಸಾಮಿಯ ಊರು ಘಟ್ಟದ ಕೆಳಗಿನ ಸತ್ಯಮಂಗಲ. ಈ ಕೊಳ್ಳೇಗಾಲ ತಮಿಳು ಸೀಮೆ ಬಿಟ್ಟು ಮೈಸೂರು ಸೀಮೆಗೆ ಸೇರಿ ಆರೇಳು ವರ್ಷವಾದರೂ ಅವನು ಇಲ್ಲಿಗೆ ಬರುವುದು ಬಿಟ್ಟಿರಲಿಲ್ಲ. ಮಾದಪ್ಪನಿಲ್ಲದೆ ಈ ಕಡೆ ಶಾಸ್ತ್ರ ನಡೆಯದೆಂದು ಯಾರ ಕೈಯಲ್ಲೋ ಈ ಚಿತ್ರ ಬರೆಸಿ ಚೀಟಿಗಳ ಜೊತೆ ಸೇರಿಸಿಕೊಂಡಿದ್ದ. ರಾಚಮ್ಮ ಸೆರಗು ಎಳೆದುಕೊಂಡು ಕೈ ಮುಗಿದಳು. ಕೆಂಪನಂಜಪ್ಪನವರೂ ಮುಗಿದರು, ದೇವರಿಗೆ ಮುಗಿಯದೆ ಇರಲಾದೀತೆ. ಆದರೆ ತಮಗೆ ಬೇಕಾದ ಚೀಟಿ ಇದಲ್ಲ ಎನ್ನುವುದನ್ನು ಮುಚ್ಚಿಡುವಷ್ಟು ಜಾಣತನ ಅವರ ಮುಖಕ್ಕಿರಲಿಲ್ಲ.

ಅವರ ತಮ್ಮ, ರಾಚಮ್ಮನ ಗಂಡ ವೆಂಕಟಸ್ವಾಮಿ ದೀಪಾವಳಿ ಕಳೆದ ಮೇಲೆ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಮಗ್ಗದ ಮೇಲೆ ಒಂದು ಧಾರೆ ಸೀರೆ ಅರ್ಧಕ್ಕೆ ನಿಂತಿತ್ತು. ಸತ್ತವನು ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಹಾಸನ್ನು ಕತ್ತರಿಸಿ ಮಗ್ಗವನ್ನು ಬೇರೆಯವರಿಗೆ ಬಿಟ್ಟುಕೊಡುವುದು ಆ ನೇಕಾರರ ಬೀದಿಯ ವಾಡಿಕೆ. ಇನ್ನೊಂದು ವಾಡಿಕೆಯೂ ಇತ್ತು. ಯಾರಾದರೂ ಕೂತು ಲಾಳಿ ಆಡಿಸಿದ್ದೇ ಆದರೆ, ಆ ಸೀರೆ ಮುಗಿದು ಮಗ್ಗದಿಂದ ಇಳಿಯುವವರೆಗೆ ಹಾಸಿನ ಎಳೆಗೆ ಕತ್ತರಿ ತಾಗಿಸುವಂತಿಲ್ಲ. ಕೆಂಪನಂಜಪ್ಪನವರು ಈ ಎರಡನ್ನೂ ಬೀದಿಗೆಲ್ಲ ಉಪದೇಶ ಮಾಡುತ್ತ ಬಂದವರು. ಈಗ ಕತ್ತರಿಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದರು. ಮಗ್ಗ ತಮ್ಮ ಕಿರಿಯ ಮಗನಿಗೆ. ತಮ್ಮನ ಮಗಳು ವಿಜಯಮ್ಮ ಮಾಂಬಳ್ಳಿಯಲ್ಲಿ ರೇಷ್ಮೆ ನೂಲು ತೆಗೆಸುವ ಒಬ್ಬನಿಗೆ. ಅವನಿಗೆ ಮೊದಲ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಎಲ್ಲ ಗೊತ್ತುಮಾಡಿ ಆಗಿತ್ತು, ರಾಚಮ್ಮ ಹೂಂ ಎನ್ನುವುದೊಂದು ಬಾಕಿ.

ರಾಚಮ್ಮ ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. "ದೇವ್ರನ್ನ ಒಂದ್ ಮಾತು ಕೇಳ್ಬುಡಿ ಭಾವ," ಎಂದಿದ್ದಳು. ಅದಕ್ಕೇ ಕೆಂಪನಂಜಪ್ಪನವರು ಬಸ್‌ಸ್ಟ್ಯಾಂಡಿನ ಮರದಡಿಯಿಂದ ಪೊನ್ನುಸಾಮಿಯನ್ನು ಕರೆತಂದದ್ದು. ದಾರಿಯಲ್ಲಿ ಅವನಿಗೆ ಎಲೆಯಡಿಕೆ ಕೊಡಿಸಿ ಕಿವಿಯಲ್ಲಿ ಏನೋ ಹೇಳಿದ್ದರು. ಅದು ಗಿಳಿಯ ಕಿವಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ.

"ಮೀನಾಚ್ಚಿ, ವಾಮ್ಮಾ," ಎಂದು ಪೊನ್ನುಸಾಮಿ ಗಿಳಿಯನ್ನು ಮತ್ತೆ ಕರೆದ. ಗಿಳಿ ಗೂಡಿನಿಂದ ಇಳಿದು ಚೀಟಿಗಳ ಸಾಲಿನ ಮೇಲೆ ನಡೆದು ಇನ್ನೊಂದನ್ನು ಎಳೆಯಿತು. ಅದರ ಮೇಲೆ ಜೋಳಿಗೆ ಹಾಕಿಕೊಂಡು ಬೆನ್ನು ತಿರುಗಿಸಿ ಹೊರಟ ಸನ್ಯಾಸಿ.

"ಅದಕ್ಕೆ ಹೊಟ್ಟೆ ಹಸ್ದದೆ. ಭತ್ತ ಹಾಕ್ಲಾ ಮೊದ್ಲು," ಎಂದು ಕೆಂಪನಂಜಪ್ಪ ರೇಗಿದರು.

ವಿಜಯಮ್ಮ ಹೊಸ್ತಿಲಲ್ಲಿ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ಅದರ ಪಾಡಿಗೆ ತಿರುಗುತ್ತಿತ್ತು, ಕಣ್ಣು ಮಾತ್ರ ಚೀಟಿಗಳ ಮೇಲೆ. ಸಾವಿರ ಎಳೆಯ ನಡುವೆ ತಪ್ಪಿದ ಒಂದೆಳೆ ಹುಡುಕಿ ಪಳಗಿದ ಕಣ್ಣು. ಪೊನ್ನುಸಾಮಿ ಚೀಟಿಗಳನ್ನು ಕೂಡಿಸುವಾಗ ಒಂದನ್ನು ಹೆಬ್ಬೆರಳಿನಿಂದ ಮೇಲಕ್ಕೆ ಜಾರಿಸಿದ್ದು ಅವಳಿಗೆ ಕಂಡಿತು. ಗಿಳಿ ಅದನ್ನೇ ಎಳೆಯಿತು. ಕೈಯಲ್ಲಿ ಹಾರ ಹಿಡಿದು ತಲೆ ತಗ್ಗಿಸಿ ನಿಂತ ಮದುವಣಗಿತ್ತಿ.

"ನೋಡ್ದಾ ರಾಚಮ್ಮ. ದೇವ್ರೇ ಹೇಳ್ಬುಟ್ಟ. ಇನ್ ನಂದೇನದೆ?"

"ಮೊದ್ಲು ಎರಡು ಸಲ ಹೇಳ್ದೋನು ಯಾರು ದೊಡ್ಡಪ್ಪ?" ಎಂದಳು ವಿಜಯಮ್ಮ.

"ಅದು ಲೆಕ್ಕಕ್ಕಿಲ್ಲ ಕಣವ್ವ."

"ನಿಮ್ಗೆ ಬೇಕಾದ್ದು ಬರೋಗಂಟ ತೆಗ್ಸದಾದ್ರೆ ಗಿಳಿ ಯಾತಕ್ಕೆ? ನೀವೇ ತೆಗೀಬೋದಿತ್ತು."

ರಾಚಮ್ಮ "ವಿಜೀ" ಎಂದು ಗದರಿದಳು, ಆದರೆ ಆ ಗದರಿಕೆಯಲ್ಲಿ ಬಲವಿರಲಿಲ್ಲ. ವಿಜಯಮ್ಮ ಕಂಡಿಕೆ ಕೆಳಗಿಟ್ಟು ಚಾಪೆಯ ಮುಂದೆ ಬಂದು ಕೂತಳು.

"ಎಲ್ಲಾನೂ ಮಕ ಮೇಲ್ಮಾಡಿ ಹಾಕು ಪೊನ್ನುಸಾಮಿ."

"ಕೂಡಾದಮ್ಮಾ. ಮೀನಾಚ್ಚಿ ತೆಗೀಬೇಕು, ಮನ್ಸರು ನೋಡಿ ತೆಗೀಬಾರ್ದು."

"ನೀನು ನೋಡಿ ಮೇಲಿಟ್ಟೆಯಲ್ಲ, ನಾನೂ ನೋಡ್ತೀನಿ ಬುಡು."

ಪೊನ್ನುಸಾಮಿ ಗಿಳಿಯನ್ನು ಭುಜಕ್ಕೇರಿಸಿಕೊಂಡು ಬೀದಿಯ ಕಡೆ ನೋಡಿದ. ಅವಳು ತಾನೇ ಚೀಟಿಗಳನ್ನು ಒಂದೊಂದಾಗಿ ತಿರುವಿ ಹರಡಿದಳು. ಕಮಲದ ಮೇಲೆ ಲಕ್ಷ್ಮಿ, ನವಿಲಿನ ಮೇಲೆ ಸುಬ್ರಹ್ಮಣ್ಯ, ಕೋಣದ ಮೇಲೆ ಯಮ, ರಾಜ, ರಾಜನ ಪಕ್ಕದಲ್ಲಿ ರಾಣಿ, ಹೆಡೆ ಎತ್ತಿದ ಹಾವು, ಕೊಡ ಹೊತ್ತವಳು, ತೊಟ್ಟಿಲು ತೂಗುವವಳು. ಮಗ್ಗದ ಮುಂದೆ ಕೂತವಳು ಒಬ್ಬಳೂ ಇರಲಿಲ್ಲ. ಇರುತ್ತಾಳೆಂದು ಅವಳೇನೂ ಅಂದುಕೊಂಡಿರಲಿಲ್ಲ, ಆದರೂ ಹುಡುಕಿದಳು.

ಮದುವಣಗಿತ್ತಿಯನ್ನು ಕೈಗೆತ್ತಿಕೊಂಡಳು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಾಂಬಳ್ಳಿಯ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ, ನಾಳೆಯ ಯೋಚನೆ ಇನ್ನೊಬ್ಬರದು. ಬೀದಿಯಲ್ಲಿ ತಲೆಯೆತ್ತಿ ಓಡಾಡಬಹುದು. ಆ ಮನುಷ್ಯನ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ. ಆದರೆ ಆ ಚಿತ್ರದ ಹುಡುಗಿಯ ಕೈ ನೋಡಿದಳು. ಹಾರ ಹಾಕಿದ ಮೇಲೆ ಆ ಕೈಗಳು ಏನು ಮಾಡುತ್ತವೆ ಎಂದು ಯೋಚಿಸಿ ಚೀಟಿಯನ್ನು ಕೆಳಗಿಟ್ಟಳು.

ಅವಳ ಕೈಗಳಿಗೆ ಬೇರೆ ಚಟ ಹತ್ತಿತ್ತು. ಅವರ ಸೀರೆಗಳಲ್ಲಿ ಒಡಲಿಗೆ ಒಂದು ಲಾಳಿ, ಬಲಗಡೆಯ ಅಂಚಿಗೆ ಬೇರೆಯೇ ಲಾಳಿ. ಅಂಚಿನದನ್ನು ಪಕ್ಕದಲ್ಲಿ ಕೂತವರು ತಳ್ಳಿಕೊಡಬೇಕು. ಲಂಗ ತೊಡುವ ವಯಸ್ಸಿನಿಂದ ಅಪ್ಪನ ಬಲಕ್ಕೆ ಕೂತು ತಳ್ಳಿದವಳು ಅವಳೇ. ಕೊನೆಕೊನೆಗೆ ಅಪ್ಪ ಕಾಲಿನಲ್ಲಿ ಹಲಗೆ ತುಳಿದು ಒಡಲ ಲಾಳಿಯನ್ನು ಅವಳತ್ತ ಬಿಡುವುದಷ್ಟನ್ನೇ ಮಾಡುತ್ತಿದ್ದ, ಮಿಕ್ಕದ್ದೆಲ್ಲ ಅವಳ ಕೈಯದೇ. ಇದು ಮನೆಯೊಳಗಿನ ಗುಟ್ಟು. ಆದರೂ ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗೆ ಅವಳು ಕಾಲಿಟ್ಟವಳಲ್ಲ. ಅವರ ಮನೆತನದಲ್ಲಿ ಹೆಂಗಸರು ನೂಲು ಬಿಚ್ಚಬಹುದು, ಸುತ್ತಬಹುದು, ಹಾಸು ಹಿಡಿಯಬಹುದು, ಗುಂಡಿಗೆ ಇಳಿಯುವಂತಿಲ್ಲ.

ಅವಳು ಹುಲಿಯ ಚೀಟಿಯನ್ನು ಎತ್ತಿಕೊಂಡಳು. ಮಾದಪ್ಪ ಹುಲಿಯ ಎರಡೂ ಕಡೆ ಕಾಲು ಇಳಿಬಿಟ್ಟು ಆರಾಮವಾಗಿ ಕೂತಿದ್ದ, ಅಪ್ಪ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತ ಹಾಗೆ. ಹತ್ತುವ ಮೊದಲು ಅವನಿಗೂ ಎದೆ ಹೊಡೆದುಕೊಂಡಿತೋ ಏನೋ, ಬರೆದವನು ಅದನ್ನು ಬರೆದಿರಲಿಲ್ಲ. ಅವಳಿಗಂತೂ ಹೊಡೆದುಕೊಳ್ಳುತ್ತಿತ್ತು.

"ಇದು ಬಂದೋರ್ಗೆಲ್ಲ ಏನಂತ ಹೇಳ್ತೀಯೆ ಪೊನ್ನುಸಾಮಿ?"

ಪೊನ್ನುಸಾಮಿ ಒಮ್ಮೆ ಕೆಂಪನಂಜಪ್ಪನವರ ಮುಖ ನೋಡಿದ. ಇನ್ನು ಎಲೆಯಡಿಕೆಯ ಋಣ ತೀರಿಸಿ ಲಾಭವಿಲ್ಲ ಎನ್ನಿಸಿರಬೇಕು. "ಹುಲಿ ಏರ್ದೋರು ಊರು ಸೇರೋವರ್ಗೂ ಇಳಿಯಂಗಿಲ್ಲ ಅಂತ ಹೇಳ್ತೀನಮ್ಮಾ."

"ನಡುವೆ ಬಿದ್ದೋದ್ರೆ?"

"ಬಿದ್ದೋರು ಯಾರೂ ತಿರ್ಗಿ ಬಂದು ನನ್ನ ಕೇಳಿಲ್ಲ."

ವಿಜಯಮ್ಮನಿಗೆ ನಗು ಬಂತು. ಅಪ್ಪ ಸತ್ತ ಮೇಲೆ ಆ ಜಗಲಿಯ ಮೇಲೆ ಯಾರೂ ನಕ್ಕಿರಲಿಲ್ಲ.

"ಸಾಕು ಏಳ್ರಿ," ಎಂದು ಕೆಂಪನಂಜಪ್ಪನವರು ಎದ್ದು ಸೊಂಟದ ಕತ್ತರಿ ತೆಗೆದರು. "ವೊತ್ತಾಯ್ತದೆ. ಹಾಸು ತೆಗ್ದು ಮಗ್ಗ ಬಿಚ್ಬೇಕು."

ಅವರು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಅವಳು ಚೀಟಿ ಹಿಡಿದುಕೊಂಡೇ ಒಳಮನೆ ಸೇರಿದ್ದಳು. ಚೀಟಿಯನ್ನು ಮಗ್ಗದ ಕಂಬದ ಬಿರುಕಿಗೆ ಸಿಕ್ಕಿಸಿದಳು. ಉಟ್ಟ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಅಪ್ಪ ಕೂರುತ್ತಿದ್ದ ಮಣೆಯ ಮೇಲೆ ಕೂತು ಎರಡೂ ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟಳು. ಒಳಗೆ ಮಣ್ಣು ತಣ್ಣಗಿತ್ತು. ಅಪ್ಪನ ಕಾಲು ತಾಗಿ ತಾಗಿ ನುಣುಪಾದ ಜಾಗ ಅವಳ ಕಾಲಿಗೆ ದೊಡ್ಡದಾಯಿತು.

"ಏಳವ್ವ ಮೇಲ್ಕೆ," ಎಂದರು ಕೆಂಪನಂಜಪ್ಪನವರು. "ಹೆಂಗಸ್ರು ಕಾಲಿಡೋ ಜಾಗ ಅಲ್ಲ ಅದು."

"ಇಟ್ಟಾಯ್ತಲ್ಲ ದೊಡ್ಡಪ್ಪ."

"ಇವತ್ತು ಕೂತೀಯೆ. ನಾಳೆ? ವರ್ಸ ಒಪ್ಪತ್ತು ಕೂರಾಕಾಯ್ತದಾ? ಮಾಂಬಳ್ಳಿಯೋರು ಮತ್ತೆ ಬಂದಾರಾ?"

"ಬರಾಕಿಲ್ಲ."

"ಬೇರೆ ಯಾರೂ ಬರಾಕಿಲ್ಲ."

"ಗೊತ್ತು," ಎಂದಳು. ಹೇಳಿದ ಮೇಲೆ ನಿಜವಾಗಿ ಗೊತ್ತಾಯಿತು. ಆದರೂ ಕಾಲು ಗುಂಡಿಯೊಳಗಿನ ಹಲಗೆಯನ್ನು ಒತ್ತಿತು, ಹಾಸಿನ ಎಳೆಗಳು ಎರಡಾಗಿ ಬಾಯಿ ಬಿಟ್ಟವು. ಒಡಲ ಲಾಳಿಯನ್ನು ಎಡದಿಂದ ಬಿಟ್ಟಳು. ಅದು ಬಲಗಡೆಯ ಅಂಚಿನವರೆಗೆ ಓಡಿ ನಿಂತಿತು.

ನಿಂತದ್ದು ನಿಂತೇ ಇತ್ತು. ಅಂಚಿನ ಲಾಳಿ ಆಚೆ ಬದಿಯಲ್ಲಿ ಬಿದ್ದಿತ್ತು, ಅವಳು ಇಷ್ಟು ವರ್ಷ ಕೂತ ಜಾಗದಲ್ಲಿ. ಈಗ ಅಲ್ಲಿ ಯಾರೂ ಇರಲಿಲ್ಲ. ಅವಳು ಬಗ್ಗಿ ಕೈ ಚಾಚಿದಳು, ಎಟುಕಲಿಲ್ಲ.

ಕೆಂಪನಂಜಪ್ಪನವರಿಗೆ ಜೀವ ಬಂದಂತಾಯಿತು. "ಅಂಚು ಕೂಡ್ದೆ ಅದು ಎಳೆ ಆಗಾಕಿಲ್ಲ. ಲಾಳಿ ಆಡ್ದಂಗೂ ಅಲ್ಲ. ಒಬ್ಳೇ ಕೂತ್ಕಂಡು ಏನ್ ನೇಯ್ದೀಯವ್ವ ನೀನು?" ಎಂದು ಕತ್ತರಿ ಹಿಡಿದು ಹಾಸಿನ ಆ ತುದಿಗೆ ನಡೆದರು.

ಬಾಗಿಲಲ್ಲಿ ನಿಂತಿದ್ದ ರಾಚಮ್ಮ ಅವರನ್ನು ದಾಟಿ ಬಂದಳು. ಗಂಡ ಹೋದಂದಿನಿಂದ ಅವಳು ಆ ಕೋಣೆಗೆ ಬಂದಿರಲಿಲ್ಲ. ಕುಂಕುಮವಿಲ್ಲದವಳು ಧಾರೆ ಸೀರೆ ಮುಟ್ಟಬಾರದೆಂದು ಬೀದಿಯವರು ಹೇಳುವ ಮೊದಲೇ ತಾನಾಗಿ ದೂರ ಉಳಿದವಳು. ಈಗ ಮಗಳ ಬಲಗಡೆ ಕೂತು ನೆಲದ ಮೇಲಿನ ಲಾಳಿಯನ್ನು ಕೈಗೆ ತೆಗೆದುಕೊಂಡಳು.

"ಧಾರೆ ಸೀರೆ ಕಣ ರಾಚಮ್ಮ ಅದು," ಎಂದರು ಕೆಂಪನಂಜಪ್ಪ, ಮೆಲ್ಲಗೆ.

"ಕಾಣ್ತದೆ ಭಾವ."

ಅವಳು ಲಾಳಿಯನ್ನು ತಳ್ಳಿದಳು. ಅಭ್ಯಾಸವಿಲ್ಲದ ಕೈ, ಲಾಳಿ ಅರ್ಧದಲ್ಲಿ ತಡವರಿಸಿತು. ವಿಜಯಮ್ಮ ಬೆರಳು ಚಾಚಿ ಅದನ್ನು ಬರಮಾಡಿಕೊಂಡು, ಎರಡು ನೂಲನ್ನೂ ಕೂಡಿಸಿ, ಎಳೆ ಬಡಿಯುವ ಹಲಗೆಯನ್ನು ಎಳೆದು ಒತ್ತಿದಳು. ಆ ಸದ್ದು ಬೀದಿಗೆ ಕೇಳಿತು. ಎದುರು ಮನೆಯ ಮಗ್ಗ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಲಾಳಿ ಆಡಿಯಾಗಿತ್ತು, ತಾವೇ ಬೀದಿಗೆಲ್ಲ ಹೇಳಿದ ವಾಡಿಕೆಯಂತೆ ಕೆಂಪನಂಜಪ್ಪನವರು ಇನ್ನು ಕತ್ತರಿ ತಾಗಿಸುವಂತಿರಲಿಲ್ಲ. ಆಮೇಲೆ ಅದನ್ನು ಎಲ್ಲಿ ಇಡುವುದೆಂದು ತಿಳಿಯದವರ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದರು. ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಪೊನ್ನುಸಾಮಿ ಬಾಗಿಲವರೆಗೆ ಬಂದು ಇಣುಕಿದ. "ಅಮ್ಮಾ, ನನ್ ಚೀಟಿ."

"ಸೀರೆ ಇಳಿದ್ಮೇಲೆ ಬಾ, ಕೊಡ್ತೀನಿ," ಎಂದಳು ವಿಜಯಮ್ಮ, ತಲೆ ಎತ್ತದೆ.

ಅಪ್ಪನ ನೇಯ್ಗೆ ಮುಗಿದ ಕಡೆ ಅವಳ ಒಂದೆಳೆ ಸೇರಿತ್ತು. ಒತ್ತು ಸಾಲದೆ ಅದು ಕೂದಲಿನಷ್ಟು ಬಿಟ್ಟುಕೊಂಡು ನಿಂತಿತ್ತು. ನೋಡಿದವರಿಗೆ ಕಾಣುತ್ತದೆ, ಸೀರೆ ಉಟ್ಟವಳ ಮೈಮೇಲೂ ಕಾಣುತ್ತದೆ. ಬಿಚ್ಚಿ ಸರಿಮಾಡಲೇ ಎಂದು ರಾಚಮ್ಮ ಕಣ್ಣಿನಲ್ಲೇ ಕೇಳಿದಳು. ವಿಜಯಮ್ಮ ಆ ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿ, ಮತ್ತೆ ಹಲಗೆ ತುಳಿದಳು.