ಒಂದಡಿ ಆಚೀಚೆ

ಪರದೇಶದ ಈ ನಾರ್ವೆಸ್ಟ್‌ನ ಆಫೀಸಿನಲ್ಲಿ ನನ್ನ ಕೆಲಸ ತೊಲೆಗಳ ಅಳತೆ ಹಾಕುವುದು. ಎಷ್ಟು ಅಗಲದ ಬಾಗಿಲಿಗೆ ಎಷ್ಟು ದಪ್ಪದ ತೊಲೆ ಎಂದು ಲೆಕ್ಕ ಮಾಡಿ ಸಹಿ ಹಾಕುತ್ತೇನೆ. ಇಲ್ಲಿರುವ ನಮ್ಮೂರ ಕಡೆಯವರಿಗೆ ಇದು ತಿಳಿದದ್ದೇ ತಪ್ಪಾಯಿತು. ಮದುವೆಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರಾದರೂ ಮೊಬೈಲ್ ಮುಂದೆ ಹಿಡಿದು ಗೋಡೆಯ ಬಿರುಕು ತೋರಿಸುತ್ತಾರೆ.

ಹುಬ್ಬಳ್ಳಿಯ ಮಡಿವಾಳಪ್ಪನವರು ಹಾಗೆ ಮಾಡಿದವರಲ್ಲ. ಇಲ್ಲೇ ಹತ್ತಿರದ ಮಾರ್ಸ್ಡನ್ ಪಾರ್ಕ್‌ನಲ್ಲಿ ಮನೆ ಕಟ್ಟಿಸುವಾಗ ಆಫೀಸಿಗೇ ಬಂದರು. ಗರಾಜಿಗೆ ಎರಡು ಸಣ್ಣ ಬಾಗಿಲಿನ ಬದಲು ಒಂದೇ ದೊಡ್ಡದು ಬೇಕಿತ್ತು. ಅದರ ಮೇಲೆ ದೇವರ ಕೋಣೆ. ಬಾಗಿಲಿನ ಅಗಲ ಹದಿನಾರು ಅಡಿ. ತೊಲೆಯ ತುದಿಗಳು ಎರಡೂ ಕಡೆಯ ಕಂಬಗಳ ಮೇಲೆ ಎಂಟೆಂಟು ಇಂಚು ಕೂರಬೇಕು ಎಂದು ಬರೆದುಕೊಟ್ಟೆ.

ಎರಡು ತಿಂಗಳ ನಂತರ, ನಾನು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ಅವರ ಫೋನ್ ಬಂತು.

“ಗರಾಜ್ ಬಾಗಲಾ ಒಂದ್ ಫೂಟ್ ಆಚೀಚಿ ಆದ್ರ ನಡಿತೈತೇನ್ರಿ?”

ಬಾಗಿಲನ್ನು ಒಂದಡಿ ಪಕ್ಕಕ್ಕೆ ಸರಿಸುತ್ತಾರೆ ಎಂದುಕೊಂಡೆ. ಅಷ್ಟೇ ಅಗಲ, ಅದೇ ತೊಲೆ, ಏನೂ ತೊಂದರೆಯಿಲ್ಲ. “ನಡಿತೈತಿ ತಗೋರಿ,” ಎಂದು ಫೋನ್ ಇಟ್ಟೆ.

ಈ ಭಾನುವಾರ ಗೃಹಪ್ರವೇಶ. ನನ್ನ ಹೆಂಡತಿ ಸಂಧ್ಯಾರಾಣಿ ನೇರ ಮೇಲಕ್ಕೆ, ಪೂಜೆಗೆ ಹೋದಳು. ನಾನು ಗರಾಜಿನಲ್ಲಿ ನಿಂತೆ. ಊಟದ ಮೇಜುಗಳ ಮೇಲೆ ಎಲೆ ಹಾಕಿದ್ದರು. ಬಾಗಿಲನ್ನು ಯಾರೋ ಮೇಲೆತ್ತಿದಾಗ ನಟ್ಟನಡುವೆ ತೊಲೆಗೆ ಉಜ್ಜಿ ಕರಕರ ಎಂದಿತು. ತೊಲೆ ಬಾಗದ ಹೊರತು ಹೊಸ ಬಾಗಿಲು ಉಜ್ಜಬಾರದು. ಕಾರಿನಿಂದ ಐದು ಮೀಟರಿನ ಟೇಪು ತಂದು ಹಿಡಿದೆ. ಹದಿನಾರಡಿಗೆ ಅದು ಸಾಕಾಗಿ ಮಿಗಬೇಕಿತ್ತು. ಟೇಪು ಮುಗಿದರೂ ಆಚೆಯ ಕಂಬಕ್ಕೆ ಇನ್ನೂ ಹತ್ತಿರ ಹತ್ತಿರ ಒಂದು ಗೇಣು ಉಳಿದಿತ್ತು.

ಮಡಿವಾಳಪ್ಪನವರು ರೇಷ್ಮೆ ಪಂಚೆಯಲ್ಲಿ ನಗುತ್ತಾ ಬಂದರು. ಹದಿನಾರಡಿಗೆ ವಾಸ್ತುವಿನ ಆಯ ಕೂಡಲಿಲ್ಲವಂತೆ. ಎಂಟರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ, ಅದು ಕಾಕಾಯ, ಕೇಡು. ಹದಿನೇಳಾದರೆ ಒಂದು ಉಳಿದು ಧ್ವಜಾಯ, ಶುಭ. ತೊಲೆ ಏರಿಸಿ ಇನ್‌ಸ್ಪೆಕ್ಷನ್ ಮುಗಿದ ಮೇಲೆ ಎರಡೂ ಬದಿಯ ಕಂಬಗಳನ್ನು ಆರಾರು ಇಂಚು ಕೊಯ್ಸಿದ್ದರು.

ಎಂಟರಲ್ಲಿ ಆರು ಹೋದರೆ ಎರಡು. ಎರಡಿಂಚಿನ ಆಸರೆಯ ಮೇಲೆ ಇಡೀ ದೇವರ ಕೋಣೆ. ಅದರಲ್ಲಿ ನಲವತ್ತು ಜನ, ಸಂಧ್ಯಾ ಕೂಡ.

“ನಿಮ್ಮನ್ನ ಕೇಳೇ ಮಾಡ್ಸಿದ್ದು,” ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ನಾಲಿಗೆಯ ಮೇಲೆ ಬಂತು.

ತೊಲೆಯ ಎಡತುದಿ ಕಂಬದ ಅಂಚನ್ನು ಜಜ್ಜಿತ್ತು. ಅಲ್ಲಿಂದ ಬಿಳಿ ಪುಡಿ ಸಣ್ಣಗೆ ಉದುರಿ ಬಾಳೆಯೆಲೆಯ ಮೇಲೆ ಬೀಳುತ್ತಿತ್ತು. ಜನರನ್ನು ಈಗಲೇ ಹಿಂದಿನ ಮೆಟ್ಟಿಲಿನಿಂದ ಹಿತ್ತಲಿಗೆ ಇಳಿಸಿ ಎಂದೆ. ಅವರ ಮುಖ ಸಪ್ಪಗಾಯಿತು. ಮೇಲೆ ಗಂಟೆ ಮೊಳಗತೊಡಗಿತು. ದೇವರ ಜಗಲಿ ಇದ್ದದ್ದು ಮುಂದಿನ ಕಿಟಕಿಯ ಬಳಿ, ತೊಲೆಯ ನೇರಕ್ಕೆ. ಮಂಗಳಾರತಿ ತೆಗೆದುಕೊಳ್ಳಲು ಎಲ್ಲರೂ ಅತ್ತಲೇ ಬರುತ್ತಿದ್ದರು. ತಲೆಯ ಮೇಲೆ ಹೆಜ್ಜೆಗಳು ಒಂದೊಂದಾಗಿ ಮುಂದಕ್ಕೆ ಸರಿದವು.

“ಶುಭ ದಿನಾರಿ,” ಎಂದು ಅವರು ಮೆಲ್ಲಗೆ ಕೈ ಹಿಡಿದರು. “ಇವತ್ತೊಂದ್ ದಿನ ನಡಿತೈತೇನ್ರಿ?”

ಆ ಪದ ಕೇಳಿದ್ದೇ ತಡ, ನಾನು ಮೆಟ್ಟಿಲ ಬುಡಕ್ಕೆ ಓಡಿ ಮೇಲಿನವರಿಗೆಲ್ಲ ಕೇಳುವ ಹಾಗೆ ಕೂಗಿದೆ.

“ನಡಿಯಂಗಿಲ್ಲ! ನಡಿಯಂಗಿಲ್ಲ!”

ಗಂಟೆ ನಿಂತಿತು. ಹೆಜ್ಜೆಗಳೂ ನಿಂತವು. ಹೆಜ್ಜೆ ಇಡಬೇಡಿ ಎನ್ನುತ್ತಿದ್ದಾನೆ ಎಂದುಕೊಂಡು, ನಲವತ್ತು ಜನವೂ ಇದ್ದಲ್ಲೇ, ತೊಲೆಯ ನಡುನೆತ್ತಿಯ ಮೇಲೆ, ಕದಲದೆ ನಿಂತರು.