ವಾದಣ್ಣ ಕಲಸಿಟ್ಟ ಹಿಟ್ಟು

ಸೊಸೆ ಬೋಗುಣಿಯ ಮೇಲಿನ ಒದ್ದೆ ಬಟ್ಟೆ ಎತ್ತಿದಳು. ಹಿಟ್ಟು ಅಂಚು ದಾಟಿ ಉಬ್ಬಿ ನಿಂತಿತ್ತು. ಬೆರಳಿಟ್ಟು ಒತ್ತಿದರೆ ಉಸ್ಸೆಂದು ಕುಸಿದು, ಮತ್ತೆ ನಿಧಾನಕ್ಕೆ ಮೇಲೆದ್ದಿತು. ಕಲಸಿಟ್ಟವರು ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಾರೆಂಬ ಸುದ್ದಿ ಅದಕ್ಕಿನ್ನೂ ಮುಟ್ಟಿರಲಿಲ್ಲ. ಹೀಗೇ ಬಿಟ್ಟರೆ ಹುಳಿ ಏರಿ ಯಾವ ಕೆಲಸಕ್ಕೂ ಬಾರದು.

ಬೇಕರಿಯ ಗೋಡೆಯ ಆಚೆ, ಮನೆಯ ಮುಂದಿನ ಕೋಣೆಯಲ್ಲಿ ಮಾವನನ್ನು ಮಲಗಿಸಿದ್ದರು. ಒಲೆಗೆ ಸೌದೆ ಒಟ್ಟಿ, ಮೈದಾ ಚೀಲಕ್ಕೆ ಒರಗಿ ಕೂತವರು ಕೂತ ಹಾಗೇ ಹೋಗಿದ್ದರು. ಬಂದವರಿಗೆ ಕುರ್ಚಿ ಸಾಲದೆ ಬ್ರೆಡ್ಡಿನ ಕ್ರೇಟುಗಳನ್ನು ಬೋರಲು ಹಾಕಿದ್ದಾಗಿತ್ತು. ಪರಊರಿನಿಂದ ಬರಬೇಕಿದ್ದ ಅವರ ಮಗಳ ರೈಲು ತಡ. ಕಾಯುವ ಜನ ಎಷ್ಟು ಹೊತ್ತು ಅಂತ ಅಳುತ್ತಾರೆ? ಮಾತು ಶುರುವಾಯಿತು. ಇಷ್ಟು ಬೇಗ ಹೋಗ್ತಾರೆ ಅಂತ ಯಾರಂದುಕೊಂಡಿದ್ದರು ಎಂದು ಒಬ್ಬರು, ಹೋಗಬಾರದಿತ್ತು ಎಂದು ಇನ್ನೊಬ್ಬರು, ಹೋದರೆ ಹೀಗೆ ಹೋಗಬೇಕು ಎಂದು ಮತ್ತೊಬ್ಬರು. ನಾವೂ ಒಂದು ದಿನ ಹೋಗುವವರೇ ಎಂದು ಟೈಲರ್ ನಿಟ್ಟುಸಿರು ಬಿಟ್ಟಾಗ, ಇವನು ನನ್ನ ಪ್ಯಾಂಟು ಹೊಲಿದುಕೊಟ್ಟು ಆಮೇಲೆ ಹೋಗಲಿ ಎಂದು ಪೇಪರಿನವನು ಹೇಳಿದ. ಸುತ್ತ ಕೂತವರು ನಗು ತಡೆಯಲಾರದೆ ಕೆಮ್ಮಿದರು. ಹೆಣದ ಪಕ್ಕ ಕೂತಿದ್ದ ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡರು.

ಗಂಡ ಒಳಗೆ ಬಂದು ಬಾಗಿಲಿಗೆ ಒರಗಿ ನಿಂತ. ಅವನದು ಬ್ರೆಡ್ಡಿನ ಗಾಡಿ ಓಡಿಸುವ ಕೆಲಸ. ಹಿಟ್ಟಿನ ತಂಟೆಗೆ ಬಂದವನಲ್ಲ.

"ಅಮ್ಮ ಶಟರ್ ಎಳೆದುಬಿಡಿ ಅಂತಾಳೆ. ಇವತ್ತಿಗೆ ಅಲ್ಲ, ಪೂರ್ತಿ."

"ಈ ಹಿಟ್ಟು?"

"ಹಿತ್ತಲಲ್ಲಿ ಗುಂಡಿ ತೋಡಿ ಹಾಕು ಅಂದ್ಲು. ಅವರ ಕೈ ಅವರ ಜೊತೆಗೇ ಹೋಯ್ತಂತೆ. ಅವರ ಹೆಸರಲ್ಲಿ ಇಟ್ಟಿಗೆ ಮಾರೋದು ಬೇಡವಂತೆ."

ಇಟ್ಟಿಗೆ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಹೋದ ವರ್ಷ ಮಾವ ಜ್ವರ ಬಂದು ಮಲಗಿದ್ದಾಗ ಸೊಸೆ ಒಬ್ಬಳೇ ಒಂದು ಒಬ್ಬೆ ಬ್ರೆಡ್ ಬೇಯಿಸಿದ್ದಳು. ಟೈಲರ್ ಅದರಲ್ಲೊಂದನ್ನು ಬಾಗಿಲು ಹಾಕಿಕೊಳ್ಳದಂತೆ ಅಡ್ಡ ಇಟ್ಟಿದ್ದ.

"ನೀವೇನಂದ್ರಿ?"

"ನಾನೇನನ್ನಲಿ? ನಿಂಗೆ ಬರುತ್ತೆ ಅಂದ್ರೆ ಅಮ್ಮನ ಹತ್ರ ಹೇಳ್ತೀನಿ. ಬರುತ್ತಾ?"

ಬರುತ್ತಿತ್ತು, ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿತ್ತು.

*

ಅವಳು ಈ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲು ಮಾವ ಗುಜರಿ ಅಂಗಡಿಯಿಂದ ಒಂದು ಟೇಪ್ ರೆಕಾರ್ಡರ್ ತಂದಿದ್ದರಂತೆ, ಹಾಡು ಕೇಳುತ್ತಾ ಹಿಟ್ಟು ನಾದೋಣ ಎಂದು. ಅದರೊಳಗೆ ಯಾರದೋ ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತ್ತು. ಚಮಚದಿಂದ ಮೀಟಿದರೂ ಬರಲಿಲ್ಲ, ತಲೆಕೆಳಗೆ ಮಾಡಿ ಕುಟ್ಟಿದರೂ ಬರಲಿಲ್ಲ. ಗುಂಡಿ ಒತ್ತಿದರೆ ಒಬ್ಬ ಮೇಷ್ಟ್ರು ಒಂದೊಂದೇ ಶಬ್ದ ಹೇಳುವುದು, ಹಿಂದಿನಿಂದ ಒಂದು ತರಗತಿ ಅದನ್ನೇ ಒಪ್ಪಿಸುವುದು: ವಾದೊ, ವಾಯ್, ವಾ, ಅಂದ್ಯಾಮೊ, ಅಂದಾತೆ, ವಾನ್ನೊ.

ಯಾವ ಭಾಷೆ ಎಂದು ಮಾವನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ಒಂದು ಶಬ್ದಕ್ಕೆ ಒಂದು ಮಡಿಕೆಯಂತೆ ನಾದಿದರೆ ಕ್ಯಾಸೆಟ್ ಮುಗಿಯುವ ಹೊತ್ತಿಗೆ ಹಿಟ್ಟು ಸರಿಯಾಗಿ ಹದಕ್ಕೆ ಬರುತ್ತಿತ್ತು. ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ಟೇಪ್ ರೆಕಾರ್ಡರ್ ಕೆಟ್ಟುಹೋಗುವಷ್ಟರಲ್ಲಿ ಪಾಠ ಬಾಯಿಗೆ ಬಂದಿತ್ತು. ಅಲ್ಲಿಂದ ಮೇಷ್ಟ್ರೂ ಅವರೇ, ತರಗತಿಯೂ ಅವರೇ. ಬೀದಿಯವರು ವಾದಣ್ಣ ಎಂದು ಹೆಸರಿಟ್ಟರು. ಹೊಸದಾಗಿ ಬಂದವರು ಯಾರೋ ಜಗಳಗಂಟ ಇರಬೇಕೆಂದು ಹೆದರಿಕೊಂಡೇ ಬನ್ ಕೇಳುತ್ತಿದ್ದರು. ಬೀದಿಗೆಲ್ಲ ಕೇಳೋ ಹಾಗೆ ವಾದ ವಾದ ಅಂತಾರೆ, ನನ್ನ ಜೊತೆ ಒಂದು ದಿನ ವಾದ ಮಾಡಿದವರಲ್ಲ ಎಂಬುದು ಅತ್ತೆಯ ಹಳೆಯ ದೂರು.

ಸಂಜೆ ಕ್ಲಾಸಿನಲ್ಲಿ ಪರಭಾಷೆ ಕಲಿಸುವ ಟೀಚರಮ್ಮ ಈ ಬೀದಿಗೆ ಬಾಡಿಗೆಗೆ ಬಂದ ಮೇಲೆ ಗುಟ್ಟು ಬಯಲಾಯಿತು. ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬಂದ ಅವರು ಚೀಲ ಹಿಡಿದು ಹಾಗೇ ನಿಂತುಬಿಟ್ಟರು. ಇದು ಇಟಾಲಿಯನ್ ಅಲ್ವಾ, ಎಲ್ಲಿ ಕಲಿತಿರಿ ಎಂದು ಕೇಳಿದರು. ಗುಜರಿಯಲ್ಲಿ ಎಂದರು ಮಾವ.

ಅದು 'ಹೋಗು' ಎಂಬ ಕ್ರಿಯಾಪದವಂತೆ. ಹೋಗುತ್ತೇನೆ, ಹೋಗುತ್ತಿದ್ದೆ, ಹೋದೆ, ಹೋಗುವೆ, ಹೋಗಲಿ, ಹೋಗುತ್ತಿದ್ದೆನೇನೋ, ಎಲ್ಲವೂ ಸಾಲಾಗಿ ಇವೆಯಂತೆ. ಸ್ವಲ್ಪ ಸೊಟ್ಟ ಕ್ರಿಯಾಪದ, ಅರ್ಧ ಒಂದು ಧಾತುವಿನಿಂದ, ಅರ್ಧ ಇನ್ನೊಂದರಿಂದ, ಮಕ್ಕಳಿಗೆ ಬಾಯಿಪಾಠ ಮಾಡಿಸುವಷ್ಟರಲ್ಲಿ ಸಾಕಾಗುತ್ತದೆ ಎಂದರು ಟೀಚರಮ್ಮ.

"ನಮ್ಮ 'ಹೋಗು' ಏನು ನೆಟ್ಟಗಿದೆಯಾ ಟೀಚರಮ್ಮ? ಹೋದ ಅಂತೀವಿ, ಹೋಯ್ತು ಅಂತೀವಿ," ಎಂದ ಮಾವ ಆಮೇಲೆ ಕೈಯಲ್ಲಿದ್ದ ಹಿಟ್ಟನ್ನು ನೋಡಿ ನಗತೊಡಗಿದರು. "ಇಷ್ಟು ವರ್ಷ ಇದೇ ಮೇಜಿನ ಮುಂದೆ ನಿಂತು ಹೋಗ್ತೀನಿ ಹೋಗ್ತೀನಿ ಅಂದಿದ್ದೀನಿ. ಬಸ್‌ಸ್ಟ್ಯಾಂಡ್ ದಾಟಿದವನಲ್ಲ."

ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಂದಿನ ಬ್ರೆಡ್ ಸ್ವಲ್ಪ ಉಪ್ಪಾಗಿತ್ತು ಎಂದು ಪೇಪರಿನವನು ಈಗಲೂ ಹೇಳುತ್ತಾನೆ.

*

ಸೊಸೆ ಸೆರಗು ಸಿಕ್ಕಿಸಿ, ಹಿಟ್ಟನ್ನು ಮೇಜಿನ ಮೇಲೆ ಸುರಿದಳು. ಹಾಳಾದರೆ ಹಾಳಾಗಲಿ, ಗುಂಡಿ ಎಲ್ಲಿಗೂ ಓಡಿಹೋಗುವುದಿಲ್ಲ.

ಪಾಠವನ್ನು ಜೋರಾಗಿಯೇ ಹೇಳಿದಳು. ಜೋರಾಗಿ ಹೇಳದಿದ್ದರೆ ಕೈ ನಡೆಯುವುದಿಲ್ಲ. ವಾದೊ ಎಂದರೆ ಗಾಳಿ ಹೋಗುವಂತೆ ಗುದ್ದು, ವಾಯ್ ಎಂದರೆ ಮಡಿಸು, ವಾ ಎಂದರೆ ತಿರುಗಿಸು. ಮುಂದಿನ ಕೋಣೆಯಲ್ಲಿ ಮಾತು ನಿಂತಿತು. ಸಾವಿನ ಮನೆಯಲ್ಲಿ ಇದೇನು ಗಲಾಟೆ ಎಂದು ಯಾರೋ ದೂರದ ನೆಂಟರು ಗೊಣಗಿದರು. ಅವಳು ಅಂದಾವೊ, ಅಂದಾವಿ, ಅಂದಾವ ಎನ್ನುತ್ತಾ ಅಂಗೈ ಚಾಚಿ ದೂರಕ್ಕೆ ತಳ್ಳಿ ಎಳೆದಳು. ನಡುವೆ ಒಂದು ಸಾಲು ಮರೆತಾಗ ಗೋಡೆಯ ಆಚೆಯಿಂದ ಪೇಪರಿನವನೇ ಎತ್ತಿಕೊಟ್ಟ: ಅಂದ್ರೊ, ಅಂದ್ರಾಯ್, ಅಂದ್ರಾ. ದಿನಾ ಅವನ ಸೈಕಲ್ ಬೇಕರಿ ಮುಂದೆ ಬರುವ ಹೊತ್ತಿಗೆ ಮಾವ ಆ ಸಾಲಿನಲ್ಲಿರುತ್ತಿದ್ದರು, ಹಿಟ್ಟನ್ನು ಎತ್ತಿ ಮೇಜಿಗೆ ಬಡಿಯುವ ಜಾಗದಲ್ಲಿ. ಅದರ ಮುಂದಿನದನ್ನು ಟೈಲರ್ ಹೇಳಿದ, ತನಗೆ ಎಚ್ಚರವಾಗುವುದೇ ಅದಕ್ಕೆ ಎಂದ. ವಾದ, ವಾದ, ವಾದ ಎಂದು ಮೂರು ಸಲ, ಹಗುರ ಅಂಗೈಯಲ್ಲಿ.

ಅಂದ್ರೆಬ್ಬೆರೊ ಎಂಬಲ್ಲಿಗೆ ಬಂದು ಸೊಸೆಯ ಕೈ ನಿಂತಿತು.

ಇಲ್ಲಿಂದ ಮುಂದೆ ಅವಳು ಕೇಳಿರಲಿಲ್ಲ. ಈ ಸಾಲು ಬಂದಿತೆಂದರೆ ಮಾವ, ಹೋಗಮ್ಮ ಒಲೆ ನೋಡು ಎಂದು ಅವಳನ್ನು ಹಿಂದಕ್ಕೆ ಕಳಿಸುತ್ತಿದ್ದರು. ಕೆಂಡ ಗೋರಿ ವಾಪಸ್ಸು ಬರುವಷ್ಟರಲ್ಲಿ ಹಿಟ್ಟು ಮುಗಿದು, ಉಂಡೆಗಳಾಗಿ ಕೂತಿರುತ್ತಿತ್ತು. ಇಲ್ಲೇ ನಿಲ್ಲಿಸಿದ್ದಕ್ಕೆ ಹೋದ ವರ್ಷ ಇಟ್ಟಿಗೆಯಾದದ್ದು. ಸುಮ್ಮನೆ ಇನ್ನಷ್ಟು ನಾದಿದ್ದಕ್ಕೆ ಮಾರನೇ ದಿನ ಚಪ್ಪಟೆಯಾಗಿ ಕೂತದ್ದು.

ಟೀಚರಮ್ಮ ಬಾಗಿಲಿಗೆ ಬಂದು, ಇನ್ನು ಉಳಿದಿರುವುದು ಅಪ್ಪಣೆ ಕೊಡುವ ರೂಪ ಇರಬೇಕು, ಶಬ್ದ ಹೇಳಿಕೊಡಬಲ್ಲೆ, ಆದರೆ ಆ ಕ್ಯಾಸೆಟ್ಟಿನವನು ಎಷ್ಟು ಸಲ ಹೇಳಿದ್ದ, ಎಷ್ಟು ನಿಧಾನಕ್ಕೆ ಹೇಳಿದ್ದ ಎಂದು ನನಗೆ ಹೇಗೆ ಗೊತ್ತಾಗಬೇಕು ಎಂದರು. ಸೊಸೆ ಗಂಡನ ಕಡೆ ನೋಡಿದಳು. ಚಿಕ್ಕಂದಿನಲ್ಲಿ ಅವನನ್ನು ಬೆನ್ನು ತಟ್ಟಿ ಮಲಗಿಸುತ್ತಿದ್ದದ್ದೂ ಇದೇ ಪಾಠ ಹೇಳಿ. ಮಾವನಿಗೆ ಬೇರೆ ಲಾಲಿ ಬರುತ್ತಿರಲಿಲ್ಲ.

"ನನ್ನ ನೋಡಿದ್ರೆ? ನಾನು ಇದಕ್ಕೆ ಮೊದಲೇ ಗೊರಕೆ ಹೊಡೀತಿದ್ದೆ."

ಹಿಟ್ಟು ಅವಳ ಬೆರಳಿಗೆ ಅಂಟಿಕೊಂಡು ಸುಮ್ಮನೆ ಕೂತಿತ್ತು. ಆಗ ಮುಂದಿನ ಕೋಣೆಯಿಂದ, ಹೆಣದ ಪಕ್ಕದಿಂದ, ಒಂದು ಸ್ವರ ಎದ್ದಿತು. ಗಂಡು ಸ್ವರವೂ ಅಲ್ಲ, ಹೆಣ್ಣು ಸ್ವರವೂ ಅಲ್ಲ, ಬ್ಯಾಟರಿ ಮುಗಿದ ಯಂತ್ರದ ಹಾಗೆ ಜಗ್ಗಿ ಜಗ್ಗಿ ಬಂತು.

"ವಾಆಆಯ್. ವಾಆಆದ. ಅಂದ್ಯಾಆಆಮೊ."

ಎಲ್ಲರೂ ತಿರುಗಿದರು. ಅತ್ತೆ ಎದ್ದು ನಿಂತಿದ್ದರು.

"ಕೈ ಯಾಕೆ ನಿಲ್ಲಿಸಿದೆ? ಇನ್ನೂ ಇದೆ," ಎಂದವರೇ ಒಳಗೆ ಬಂದರು.

ಅತ್ತೆ ಬೇಕರಿಯ ಹೊಸಿಲು ದಾಟಿದ್ದನ್ನು ಸೊಸೆ ಅದೇ ಮೊದಲ ಸಲ ನೋಡಿದ್ದು. ಈ ಮನೇಲಿ ಒಬ್ಬರಾದರೂ ಮೈಗೆ ಹಿಟ್ಟು ಮೆತ್ತಿಕೊಳ್ಳದೆ ಇರಬೇಕು ಎಂದು ಹಟ ಹಿಡಿದು ಬಾಳಿದ ಹೆಂಗಸು. ಬಂದವರು ಸೊಸೆಯ ಬೆನ್ನಿಗೆ ಅಂಗೈ ಇಟ್ಟು, ಮಗುವಿಗೆ ತಟ್ಟುವಂತೆ ತಟ್ಟುತ್ತಾ ಹೇಳತೊಡಗಿದರು. ಒಂದು ತಟ್ಟು, ಒಂದು ಮಡಿಕೆ. ಅದು ಎಷ್ಟು ನಿಧಾನವೆಂದರೆ ಎರಡು ತಟ್ಟಿನ ನಡುವೆ ಒಬ್ಬರು ಉಸಿರೆಳೆದು ಬಿಡಬಹುದಿತ್ತು.

"ಯಾವ ಇಟಾಲಿಯನ್ನೂ ಹೀಗೆ ಮಾತಾಡಲ್ಲ," ಎಂದರು ಟೀಚರಮ್ಮ ಮೆಲ್ಲಗೆ.

"ಟೇಪು ಅಲ್ಲಿ ಜಗ್ಗಿಹೋಗಿತ್ತು ಕಣಮ್ಮ. ಇವರು ಅದನ್ನೂ ಸೇರಿಸೇ ಕಲಿತರು," ಎಂದರು ಅತ್ತೆ. ತಟ್ಟುವುದನ್ನು ನಿಲ್ಲಿಸಲಿಲ್ಲ. "ಇವನು ನಿದ್ದೆ ಹೋಗ್ತಿದ್ದ. ಇವನಕ್ಕ ಇವನಿಗಿಂತ ಮುಂಚೆ ಹೋಗ್ತಿದ್ದಳು. ನಿನ್ನ ಒಲೆ ಹತ್ರ ಕಳಿಸ್ತಿದ್ರು. ಕೊನೇ ತನಕ ಕೇಳಿಸಿಕೊಂಡು ಎದ್ದಿರ್ತಿದ್ದವಳು ನಾನೊಬ್ಬಳೇ. ಸಾಕು ನಿಲ್ಲಿಸ್ರೀ ಅಂದ್ರೆ, ಅರ್ಧಕ್ಕೆ ನಿಲ್ಲಿಸಿದ್ರೆ ಮಗು ಇಟ್ಟಿಗೆ ಆಗುತ್ತೆ ಅಂತಿದ್ರು."

ಬಾಗಿಲಲ್ಲಿ ಕಿಕ್ಕಿರಿದಿದ್ದವರು ಈ ಸಲ ಕೆಮ್ಮಲಿಲ್ಲ, ನಕ್ಕೇಬಿಟ್ಟರು. ಗೊಣಗಿದ್ದ ನೆಂಟರೂ ನಕ್ಕರು. ಅಂದಾರೆ, ಅಂದಾಂದೊ ಎಂದು ಅತ್ತೆ ಕೊನೆಯ ಸುತ್ತಿಗೆ ಬಂದರು. ಅಂದಾತೊ ಎಂದು ನಿಲ್ಲಿಸಿದರು. ಸೊಸೆಯೂ ನಿಲ್ಲಿಸಿದಳು.

ಅವಳು ಒಂದು ಚೂರು ಹಿಟ್ಟು ಕಿತ್ತು ಬೆಳಕಿಗೆ ಹಿಡಿದು ಎಳೆದಳು. ಅದು ಹರಿಯದೆ ಹಿಗ್ಗಿತು, ಹಿಗ್ಗುತ್ತಾ ತೆಳ್ಳಗಾಯಿತು, ಅದರಾಚೆ ಕಿಟಕಿಯ ಸರಳುಗಳು ಕಂಡವು. ಅತ್ತೆ ಬಗ್ಗಿ ಅದರೊಳಗಿಂದ ನೋಡಿದರು. ಆಮೇಲೆ ತಾವೇ ಒಂದು ಉಂಡೆ ಕಿತ್ತು, ಅಂಗೈಯಲ್ಲಿ ಹಗುರವಾಗಿ ತಿರುಗಿಸಿ ನೋಡಿದರು. ಬಳೆಯವರೆಗೂ ಮೈದಾ ಮೆತ್ತಿತು. ಕೊಡವಿಕೊಳ್ಳಲಿಲ್ಲ.

"ಅವರದ್ದೇ," ಎಂದರು. ಉಂಡೆಯನ್ನು ಮೇಜಿನ ಮೇಲಿಟ್ಟು, ಸೊಸೆಯ ಮುಖ ನೋಡದೆ, "ನಾಳೆ ನಾದೋವಾಗ ನನ್ನ ಕರಿ," ಎಂದರು.

*

ರೈಲು ಇಳಿದು ಮಗಳು ಬರುವಷ್ಟರಲ್ಲಿ ಮೊದಲ ಒಬ್ಬೆ ಒಲೆಯಿಂದ ಇಳಿದಿತ್ತು. ಬೀದಿಯ ತಿರುವಿನಲ್ಲೇ ವಾಸನೆ ಮೂಗಿಗೆ ಬಡಿದು, ಅಪ್ಪ ಹೋದದ್ದು ಸುಳ್ಳು ಸುದ್ದಿಯೇನೋ ಅನ್ನಿಸಿತು ಎಂದು ಅವಳು ಆಮೇಲೆ ಹೇಳಿದಳು. ಬಂದವಳು ಅಪ್ಪನ ಕಾಲ ಬಳಿ ಕೂತು ಅತ್ತಳು. ಅತ್ತು ಮುಗಿದ ಮೇಲೆ ತಮ್ಮನ ಹೆಂಡತಿ ಕೈಗಿತ್ತ ಬಿಸಿ ಬನ್ನನ್ನು ಊದಿಕೊಂಡು ತಿಂದಳು. ಅಳುವುದು, ತಿನ್ನುವುದು ಎರಡೂ ಚೆನ್ನಾಗಿ ಬರುತ್ತಿದ್ದವು ಅವಳಿಗೆ. ಕ್ರೇಟುಗಳ ಮೇಲೆ ಕೂತವರೆಲ್ಲ ತಿಂದರು. ಟೈಲರ್ ತನ್ನದನ್ನು ಬೆರಳಿಂದ ಒತ್ತಿ, ಬಾಗಿಲಿಗೆ ಅಡ್ಡ ಇಡೋಕೆ ಆಗಲ್ಲ ಇದನ್ನ ಎಂದ. ಸೊಸೆಗೆ ಆ ದಿನ ಸಿಕ್ಕ ಹೊಗಳಿಕೆಯೆಂದರೆ ಅದೊಂದೇ. ಅಷ್ಟು ಸಾಕಾಗಿತ್ತು.

ಸ್ಮಶಾನಕ್ಕೆ ಒಯ್ಯುವ ಗಾಡಿ ಬಾಗಿಲಿಗೆ ಬಂದು ನಿಂತಿತು. ಶಟರ್ ಎಳೆಯಬೇಕೇ ಎಂದು ಪೇಪರಿನವನು ಕೇಳಿದ. ಕೇಳಿದವನೇ ಅದನ್ನು ತೆರೆದಂತೆಯೇ ಬಿಟ್ಟು ಒಳಗೆ ಬಂದ.

ಹೆಣ ಎತ್ತುವ ಹೊತ್ತಾಯಿತು. ಬೆಳಗಿನಿಂದ ಗಟ್ಟಿಯಾಗಿದ್ದ ಗಂಡ ಅಪ್ಪನ ತಲೆಯ ಕಡೆ ಬಂದು, ಎತ್ತಲಾರದೆ, ಬಿಡಲೂ ಆರದೆ ನಿಂತುಬಿಟ್ಟ. ಅತ್ತೆ ಹಿಂದಿನಿಂದ ಬಂದು ಅವನ ಬೆನ್ನು ತಟ್ಟಿದರು. ಜಗ್ಗಿ ಜಗ್ಗಿ, ನಿಧಾನವಾಗಿ. ಅವನು ಉಸಿರೆಳೆದು ಎತ್ತಿದ.

ಗಾಡಿಯ ಕಡೆಗೆ ಎಲ್ಲರೂ ಹೆಜ್ಜೆ ಕೂಡಿಸಿ ನಡೆದರು. ಹಿಂದೆ ನಡೆಯುತ್ತಿದ್ದ ಸೊಸೆಗೆ ಗಂಡನ ಕಡುನೀಲಿ ಅಂಗಿಯ ಬೆನ್ನು ಕಂಡಿತು. ಅದರ ಮೇಲೆ ಮೈದಾ ಮೆತ್ತಿದ ಅಂಗೈಯೊಂದು ಬೆಳ್ಳಗೆ ಮೂಡಿತ್ತು, ಐದು ಬೆರಳೂ ಬಿಡಿಬಿಡಿಯಾಗಿ. ಒರೆಸಬೇಕೆಂದು ಅವಳು ಕೈ ಎತ್ತಿ, ಹಾಗೇ ಇಳಿಸಿದಳು.