ಎಂಬತ್ತು ಕೆಜಿಯ ಕಯಾಕ್

ರಭಸದ ಹೊಳೆಯಲ್ಲಿ ಎರಡು ವರ್ಷ ತನ್ನಣ್ಣನ ಹಳೆಯ ಕಯಾಕಿನಲ್ಲೇ, ಒಬ್ಬರೇ ಕೂರುವ ಆ ಕಿರುದೋಣಿಯಲ್ಲೇ, ಹುಟ್ಟು ಹಾಕಿದ ಮೊಮ್ಮಗಳಿಗೆ ಅವಳದೇ ಒಂದನ್ನು ಕೊಡಿಸೋಣವೆಂದು ಮನೆಯಲ್ಲಿ ಮಾತಾಯಿತು. ಅಂಗಡಿಗೆ ಅವಳ ಜೊತೆ ಅವಳಣ್ಣನೂ ನಾನೂ ಹೋದೆವು.

ಅಂಗಡಿಯವನು ಚಾಪೆಯ ಮೇಲೆ ಒಂದು ಪುಟ್ಟ ಕಯಾಕ್ ಇಟ್ಟ. ಅವಳು ಒಳಗೆ ಕೂತು ಸೊಂಟ ವಾಲಿಸಿದಳು. ಅದೂ ಜೊತೆಗೇ ವಾಲಿತು, ಆದರೆ ಮಗುಚಲಿಲ್ಲ.

"ಇದು ಹೇಳಿದ ಮಾತು ಕೇಳುತ್ತೆ ಅಜ್ಜಿ," ಎಂದಳು.

"ತೂಕ ಎಷ್ಟಮ್ಮ ನಿಂದು?" ಎಂದು ಅಂಗಡಿಯವನು ಕೇಳಿದ.

"ಎಂಬತ್ತು ಕೆಜಿ ತೂಕ ತಡೆಯೋದು ತೋರ್ಸಿ," ಎಂದ ಅಣ್ಣ.

"ನಾನು ಐವತ್ತೂ ಇಲ್ಲ ಕಣೋ."

"ನಾನೂ ಕೂರ್ಬೇಕಲ್ಲ. ಮದುವೆಯಾಗಿ ಹೋಗುವಾಗ ಇದನ್ನೇನು ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ?"

ಅವನು ಆರಿಸಿದ ದೊಡ್ಡದರಲ್ಲಿ ಅವಳ ಮೊಣಕಾಲು ಎಲ್ಲೂ ತಾಗಲಿಲ್ಲ. ಸೊಂಟ ವಾಲಿಸಿದರೂ ಕಯಾಕ್ ಅಲ್ಲಾಡಲಿಲ್ಲ.

"ನೋಡು, ಎಷ್ಟು ಗಟ್ಟಿಯಾಗಿ ನಿಂತಿದೆ. ಸಂದಿಗೆ ಸ್ಪಂಜು ತುರುಕಿದ್ರಾಯ್ತು," ಎಂದ ಅಣ್ಣ.

ಅವಳು ನನ್ನ ಮುಖ ನೋಡಿದಳು. ಮೊಮ್ಮಗ ವಾರಗಟ್ಟಲೆ ಮುಖ ಊದಿಸಿಕೊಂಡು ಕೂರುತ್ತಾನೆಂದು ಅಂಜಿ, "ಅಭ್ಯಾಸ ಆಗುತ್ತೆ ಬಿಡೇ," ಎಂದೆ.

ಅವಳು ಎದ್ದು, ತಾನು ತಂದಿದ್ದ ಹೆಲ್ಮೆಟನ್ನು ಅಣ್ಣನ ಕೈಗಿಟ್ಟಳು.

"ಇದೂ ನಿನ್ನ ತಲೆಗೆ ಆಗುತ್ತಾ ನೋಡ್ಕೋ."

ಹೊಳೆಯ ಕಡೆಗೆ ಅವಳು ಮತ್ತೆ ಹೋಗಲಿಲ್ಲ. ನನ್ನ ಹತ್ತಿರವೂ ಆ ಮಾತು ಎತ್ತಲಿಲ್ಲ.